ಮೇಜಿನ ಮೇಲೆ ತಿರುಗಿದ ಸೆಲ್ಫ್

ಅರಕಲಗೂಡಿನಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡಿಕೊಂಡಿರುವವನು ನಾನು. ಕೈಕೊಟ್ಟ ವಸ್ತು ಯಾಕೆ ಕೈಕೊಟ್ಟಿತೆಂದು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಕೊಣನೂರು ಕಡೆಯ ಅಕ್ಕನೊಬ್ಬರು ಟ್ರಾಕ್ಟರನ್ನು ತಾವೇ ಓಡಿಸಿಕೊಂಡು ಅಂಗಡಿಗೆ ಬಂದರು. ಗಂಡ ಬೆನ್ನುನೋವೆಂದು ಮಲಗಿದ ಮೇಲೆ ಶುಂಠಿ ಹೊಲದ ಉಳುಮೆಯೆಲ್ಲ ಅವರದೇ. ಹಿಂದೆ ಬೈಕಿನಲ್ಲಿ ಮೈದುನ. ಕೀ ತಿರುಗಿಸಿದರೆ ಟಕ್ ಎನ್ನುತ್ತಿತ್ತು, ಎಂಜಿನ್ ಮಾತ್ರ ಅಲುಗಾಡುತ್ತಿರಲಿಲ್ಲ. ಒಂದು ತಿಂಗಳಿಂದ ಮನೆ ಮುಂದಿನ ಇಳಿಜಾರಿನಲ್ಲಿ ಉರುಳಿಸಿಯೇ ಚಾಲೂ ಮಾಡುತ್ತಿದ್ದರಂತೆ.

"ಎಂಗುಸ್ರು ಓಡ್ಸುದ್ರೆ ಇಂಗೇ ಆಗದು ಕಣಣ್ಣ. ಅತ್ಗೆ ಸೆಲ್ಫ್ ಸುಟ್ಟಾಕವ್ರೆ. ಇವತ್ತೇ ಗಾಡಿ ಮಾರ್ಬುಡ್ತೀವಿ" ಎಂದ ಮೈದುನ.

"ಸುಟ್ಟಿದ್ರೆ ಮಾರು. ಸುಡ್ದೆ ಇದ್ರೆ ನಾನು ಸ್ಟೇರಿಂಗ್ ಬುಡಾಕಿಲ್ಲ" ಎಂದರು ಅಕ್ಕ.

ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರೇ ಸೆಲ್ಫ್. ಅದನ್ನು ಬಿಚ್ಚಿ ಮೇಜಿನ ವೈಸಿನ ಇಕ್ಕಳಕ್ಕೆ ಬಿಗಿದೆ. ಬ್ಯಾಟರಿಯ ಕೆಂಪು ವೈರು ಅದರ ಬೋಲ್ಟಿಗೆ, ಕರಿ ವೈರಿನ ಕ್ಲಿಪ್ಪು ಮೈಗೆ. ಗುರ್‍ರ್ ಎಂದು ತಿರುಗಿತು, ಸುಟ್ಟ ವಾಸನೆಯೂ ಇಲ್ಲ. ಟ್ರಾಕ್ಟರಿಗೆ ಕೂರಿಸಿದರೆ ಮತ್ತೆ ಟಕ್. ಬಿಚ್ಚಿದೆ, ತಿರುಗಿತು. ಕೂರಿಸಿದೆ, ಟಕ್. ಮೈದುನ ನಗತೊಡಗಿದ. ನನಗೆ ಅವನ ಮೇಲೆ ಸಿಟ್ಟು ಬರಲೂ ಪುರುಸೊತ್ತಿರಲಿಲ್ಲ. ಮೇಜಿನ ಮೇಲೆ ಇರುವಂಥದ್ದು, ಟ್ರಾಕ್ಟರಿನಲ್ಲಿ ಇಲ್ಲದ್ದು ಏನು?

ಕರಿ ವೈರು! ಮೇಜಿನ ಮೇಲೆ ಅದನ್ನು ನಾನೇ ಸೆಲ್ಫಿನ ಮೈಗೆ ಕಚ್ಚಿಸುತ್ತೇನೆ. ಟ್ರಾಕ್ಟರಿನಲ್ಲಿ ಆ ಕೆಲಸ ಸೆಲ್ಫ್ ಎಂಜಿನ್ನಿಗೆ ಒತ್ತಿ ಕೂರುವ ಜಾಗದ್ದು. ಬ್ಯಾಟರಿಯಿಂದ ಬೇರೆ ಕರಿ ವೈರೆಳೆದು ಸೆಲ್ಫಿನ ಮೈಗೆ ಸಿಕ್ಕಿಸಿ, ಅಕ್ಕನಿಗೆ ಕೀ ತಿರುಗಿಸಲು ಹೇಳಿದೆ. ಎಂಜಿನ್ ಒಂದೇ ಏಟಿಗೆ ಎದ್ದಿತು.

ಆಫ್ ಮಾಡಿಸಿ, ಸೆಲ್ಫ್ ಬಿಚ್ಚಿ, ಆ ಕೂರುವ ಜಾಗದ ಗ್ರೀಸು ಒರೆಸಿ ನೋಡಿದೆ. ದಪ್ಪನೆ ಸಿಲ್ವರ್ ಪೇಂಟು. ನನ್ನದೇ ಬ್ರಷ್ಷಿನದು.

ಆಯುಧ ಪೂಜೆಗೆ ಮುಂಚೆ ಸರ್ವಿಸಿಗೆ ಬಂದ ಸೆಲ್ಫುಗಳಿಗೆಲ್ಲ ಸಿಲ್ವರ್ ಹೊಡೆದು ಕೊಡುವುದು ನನ್ನ ರೂಢಿ. ಪೇಂಟು ಕರೆಂಟನ್ನು ತಡೆಯುವುದರಿಂದ ಕೂರುವ ಜಾಗಕ್ಕೆ ಟೇಪು ಸುತ್ತಿ ಹೊಡೆಯಬೇಕು. ಈ ಸೆಲ್ಫ್ ಬಂದಿದ್ದ ಸಲ ಹಬ್ಬದ ನೂಕುನುಗ್ಗಲಿನಲ್ಲಿ ಸುತ್ತಿರಲಿಲ್ಲ. ತಿಂಗಳ ಹಿಂದಿನವರೆಗೆ ಕರೆಂಟು ಬೋಲ್ಟುಗಳಲ್ಲೇ ಹೇಗೋ ಹರಿದಿತ್ತು, ಅವಕ್ಕೂ ತುಕ್ಕು ಹಿಡಿದ ಮೇಲೆ ನಿಂತಿತ್ತು.

ಉಪ್ಪುಕಾಗದ ಹಿಡಿದು ಎರಡು ನಿಮಿಷ ಉಜ್ಜಿದರೆ ಮುಗಿಯಿತು. 'ಲೂಸ್ ಕನೆಕ್ಷನ್' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹಾಗಂದರೆ ಮೈದುನನ ಲೆಕ್ಕದಲ್ಲಿ ಲೂಸ್ ಮಾಡಿದವರು ಅಕ್ಕನೇ ಆಗುತ್ತಿದ್ದರು. ನಾಚಿಕೆಯಾಯಿತು. ಉಜ್ಜಿ, ಕೂರಿಸಿ, ಅಕ್ಕ ಎಂಜಿನ್ ಎಬ್ಬಿಸಿದ ಮೇಲೆ ಆ ಸದ್ದಿನಲ್ಲೇ ಹೇಳಿದೆ: "ತಪ್ಪು ನಂದು. ಪೇಂಟ್ ಒಡ್ದಿದ್ದು ನಾನೆಯಾ."

ಅಕ್ಕ ಎಂಜಿನ್ ಆಫ್ ಮಾಡಿ ಮೈದುನನ ಕಡೆ ಒಮ್ಮೆ ನೋಡಿದರು.

"ಅಣ್ಣಾ, ಈಗಂದ್ರಲ್ಲಾ, ಅದ್ನ ಇನ್ನೊಂದ್ ಕಿತಾ ಏಳಿ. ಸದ್ದಲ್ಲಿ ಇವನ್ಗೆ ಕೇಳ್ನಿಲ್ಲ."

ಹೇಳಿದೆ, ಪಕ್ಕದ ಅಂಗಡಿಯವರಿಗೂ ಕೇಳುವಂತೆ.