ಆಗಲಿ, ಆಗಾಲಿ

ಎರಡು ವರ್ಷಗಳ ಹಿಂದೆ ನಾನು ಒಂದು ವೆಬ್ ಸರಣಿಗೆ ಸಹನಿರ್ದೇಶಕನಾಗಿದ್ದೆ. ಟಿ.ವಿ.ಯ ಹಳೆಯ ವಿಜ್ಞಾನ ಧಾರಾವಾಹಿಯೊಂದರ ಆರು ಕಂತುಗಳನ್ನು ದೊಡ್ಡ ಬಜೆಟ್ಟಿನಲ್ಲಿ ಹೊಸದಾಗಿ ತೆಗೆಯುವ ಕೆಲಸ. ಮೂಲದಲ್ಲಿ ಅನ್ಯಗ್ರಹವೆಂದರೆ ಬಣ್ಣ ಬಳಿದ ಪರದೆ. ನೌಕೆ ಇಳಿಯುವುದು ಬರೀ ಸದ್ದಿನಲ್ಲಿ. ನಮ್ಮ ನಿರ್ದೇಶಕರಿಗೆ ನೌಕೆ ಕಣ್ಣೆದುರೇ ಇಳಿಯಬೇಕಿತ್ತು.

ಗ್ರಹಕ್ಕಾಗಿ ಮಾರಿಕುಪ್ಪಂ ಹತ್ತಿರದ ಸಯನೈಡ್ ದಿಬ್ಬಗಳನ್ನು ಆರಿಸಿದೆವು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳವು. ಎಂಟುನೂರು ಕಿಲೋ ತೂಕದ ನೌಕೆಯನ್ನು ಬಂಗಾರಪೇಟೆಯಿಂದ ತರಿಸಿದ ಕ್ರೇನಿಗೆ ತೂಗುಹಾಕಿದೆವು. ಕ್ರೇನಿನ ನಾಲ್ಕು ಕಾಲುಗಳ ಕೆಳಗೆ ನೆಲ ಗಟ್ಟಿಯಿರಬೇಕು. ಅದನ್ನು ನೋಡಿಕೊಳ್ಳಲು ಬೇತಮಂಗಲದ ಕಡೆಯ, ಹಿಂದೆ ಗಣಿಯಲ್ಲಿ ದುಡಿದಿದ್ದ ಮುನಿವೆಂಕಟಪ್ಪನವರನ್ನು ಗೊತ್ತುಮಾಡಿದ್ದೆ. ನೌಕೆ ನೋಡಿದವರೇ, “ಊರಿಗೆಲ್ಲಾ ಇಡ್ಲಿ ಬೇಯಿಸ್ಬೋದು ಸಾರ್ ಇದ್ರಲ್ಲಿ” ಎಂದಿದ್ದರು.

ಮೂರನೆಯ ದಿನ ಮಧ್ಯಾಹ್ನ ನಟಿ ಶೈಲಜಾ ಗಗನಯಾತ್ರಿಯ ಉಡುಪು ತೊಟ್ಟು ನೌಕೆಯ ಕೆಳಗೆ ನಿಂತಿದ್ದರು. ಅವರ ತಲೆಯಿಂದ ಹತ್ತು ಅಡಿ ಮೇಲೆ ಅದು ನಿಲ್ಲಬೇಕು. ನಾನು ದೂರದಲ್ಲಿ, ಮಾನಿಟರ್ ಬಳಿ. ನನ್ನ ಮಾತಿಲ್ಲದೆ ಆಪರೇಟರ್ ಇಳಿಸುವಂತಿರಲಿಲ್ಲ. ಇಳಿಸಬಹುದೇ ಎಂದು ಕ್ರೇನಿನ ಬಳಿಯಿದ್ದ ಮುನಿವೆಂಕಟಪ್ಪನವರನ್ನು ವಾಕಿಟಾಕಿಯಲ್ಲಿ ಕೇಳಿದೆ. ಗಾಳಿಯ ನಡುವೆ ಉತ್ತರ ಬಂತು: “ಆಗಲಿ ಸಾರ್, ಆಗಲಿ.”

ಇಳಿಸಿ ಎಂದೆ.

ಕ್ರೇನಿನ ಒಂದು ಕಾಲು ಪುಡಿಯೊಳಕ್ಕೆ ಕುಸಿಯಿತು. ನೌಕೆ ಓಲಾಡಿತು. ವಾಕಿಟಾಕಿ ಎಸೆದು ಓಡಿದ ಮುನಿವೆಂಕಟಪ್ಪ, ಶೈಲಜಾರ ಉಡುಪಿನ ಗಾಳಿಕೊಳವೆಯನ್ನೇ ಹಿಡಿದು ಎಳೆದರು. ಇಬ್ಬರೂ ಉರುಳಿದರು. ಆಕೆ ನಿಂತಿದ್ದ ಜಾಗದಲ್ಲಿ ನೌಕೆ ಬಿತ್ತು. ಆಕೆಯ ಭುಜದ ಮೂಳೆ ಮುರಿದಿತ್ತು, ಜೀವ ಉಳಿದಿತ್ತು.

ಸಂಜೆ ಆಸ್ಪತ್ರೆಯ ಬೆಂಚಿನಲ್ಲಿ ಮುನಿವೆಂಕಟಪ್ಪನವರ ಪಕ್ಕ ಕೂತು, ನೀವೇ ‘ಆಗಲಿ’ ಎಂದಿರಲ್ಲ ಎಂದೆ.

“ಆಗಲಿ ಅಲ್ಲ ಸಾರ್, ಆಗಾಲಿ ಅಂದೆ. ನಿಲ್ಬೇಕು ಅಂತ. ನೆಲ ಬಿರುಕು ಬಿಟ್ಟಿತ್ತು.”

ಅದು ತೆಲುಗು. ಅವರ ಮನೆಮಾತು. ಮೂರು ದಿನವೂ ನನ್ನೊಡನೆ ಕನ್ನಡದಲ್ಲೇ ಮಾತಾಡಿದವರು ಆಗ ಮಾತ್ರ ಯಾಕೆ ತೆಲುಗಿಗೆ ಹೊರಳಿದಿರಿ ಎಂದು ಕೇಳಿದೆ.

“ಎದ್ರಿಕೆ ಆದಾಗ ಅಮ್ಮ ಕಲ್ಸಿದ್ದೇ ಬತ್ತದೆ ಸಾರ್. ನಾನೇನು ಆರಿಸ್ಕೊಂಡು ಮಾತಾಡಿದ್ನಾ?”

ವಾಕಿಟಾಕಿಯಲ್ಲಿ ಬಂದ ಆ ಉತ್ತರವನ್ನು ಇಂದಿಗೂ ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇನೆ. ಒಂದು ದೀರ್ಘದ ವ್ಯತ್ಯಾಸ ಕೆಲವೊಮ್ಮೆ ಸ್ಪಷ್ಟವಾಗಿ ಕೇಳುತ್ತದೆ, ಕೆಲವೊಮ್ಮೆ ಇಲ್ಲ. ಎದುರಿನವರು ನಮ್ಮ ಭಾಷೆ ಆಡುವುದು ಅವರ ಸೌಜನ್ಯ. ಅದನ್ನು ನಂಬಿ ಯಾರ ತಲೆಯ ಮೇಲೂ ಭಾರ ಇಳಿಸಬಾರದು. ಈಗ ಯಾವ ಊರಿಗೆ ಹೋದರೂ, ಕ್ಯಾಮೆರಾ ಇಡುವ ಮೊದಲು ಒಬ್ಬೊಬ್ಬರನ್ನೇ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ‘ನಿಲ್ಲು’ ಎಂದು ಹೇಗೆ ಕೂಗುತ್ತೀರಿ?