ಅಕ್ಕನ ಎಣಿಕೆ

ಕಳೆದ ವಾರ ಇಲ್ಲಿ, ಈ ಕೊಲ್ಲಿ ದೇಶದ ಹೂರಾ ಪೇಟೆಯ ಅಂಗಡಿಯೊಂದರಲ್ಲಿ ಮಗಳಿಗೆ ಜಾಮಿಟ್ರಿ ಬಾಕ್ಸ್ ಕೊಳ್ಳುವಾಗ, ಗಾಜಿನ ಮೇಲೆ ಸ್ಟೀಲ್ ಸ್ಕೇಲೊಂದು ಠಣ್ಣೆಂದು ಬಿತ್ತು. ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಅಂಗಡಿಯವನು ನಕ್ಕ. ನನಗೆ ಟ್ಯೂಷನ್ ಸರ್ ಮನೆಯ ಅಕ್ಕ ನೆನಪಾದರು...

ಅಕ್ಕ ಎಂದರೆ ಸರ್ ಹೆಂಡತಿ, ಉಡುಪಿ ಕಡೆಯವರು. ನಾನು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ, ಪ್ರತಿ ಶುಕ್ರವಾರ ಬೆಳಗ್ಗೆ ಅವರ ಫ್ಲಾಟಿನ ಹಾಲ್‌ನಲ್ಲಿ ನಾವು ಆರು ಜನ ಫಿಸಿಕ್ಸ್ ಕಲಿಯುತ್ತಿದ್ದೆವು. ಸರ್‌ಗೆ ಮೂಗಿನ ತುದಿಯಲ್ಲೇ ಕೋಪ. ಸ್ಕೇಲನ್ನು ಅಡ್ಡ ಹಿಡಿದು ಬೆರಳ ಗೆಣ್ಣಿಗೇ ಹೊಡೆಯುತ್ತಿದ್ದರು. ಹೊಡೆದಾದ ಮೇಲೆ, "ನನ್ನ ಸ್ವಭಾವವೇ ಹೀಗೆ, ಹುಟ್ಟುವಾಗ್ಲೇ ಬರ್ದಿಟ್ಟದ್ದು. ಎಂತ ಮಾಡುದು?" ಎನ್ನುತ್ತಿದ್ದರು. ಅಕ್ಕನ ಕೆನ್ನೆಯ ಬಾಸುಂಡೆಗೂ ಅದೇ ಸಮಜಾಯಿಷಿ. ಆ ಮಾತು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂದು ದಿನ ಕ್ವಾಂಟಂ ಎಂಟ್ಯಾಂಗಲ್‌ಮೆಂಟಿನ ಮಾತು ಬಂತು. ಜೊತೆಯಾಗಿ ಹುಟ್ಟಿದ ಎರಡು ಕಣಗಳು ಎಷ್ಟು ದೂರ ಹೋದರೂ ಅವುಗಳ ಉತ್ತರ ತಾಳೆಯಾಗುತ್ತದೆ.

"ಅದರಲ್ಲಿ ಎಂತ ಉಂಟು?" ಎಂದರು ಸರ್. "ಚಪ್ಪಲಿ ಒಂದು ಹೂರಾದಲ್ಲಿ, ಅದರ ಜೋಡಿ ಅವಾಲಿಯಲ್ಲಿ. ಇಲ್ಲಿ ಎಡದ್ದಾದ್ರೆ ಅಲ್ಲಿ ಬಲದ್ದು. ಎಲ್ಲ ಮೊದ್ಲೇ ತೀರ್ಮಾನ ಆಗಿರ್ತದೆ."

ನಾನು ಓದಿಕೊಂಡಿದ್ದೆ, ಬಾಯಿ ಸುಮ್ಮನಿರಲಿಲ್ಲ. ಹೌದು, ಅಲ್ಲ ಎಂದಷ್ಟೇ ಉತ್ತರವಿರುವ ಮೂರು ಬಗೆಯ ಪ್ರಶ್ನೆಗಳಿರಲಿ, ಎಂದೆ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದರೆ ಕಣಗಳ ಉತ್ತರ ಯಾವಾಗಲೂ ಒಂದೇ. ಬೇರೆ ಬೇರೆ ಪ್ರಶ್ನೆ ಕೇಳಿದರೆ ನಾಲ್ಕಕ್ಕೊಂದು ಸಲ ಮಾತ್ರ ಒಂದೇ. ಉತ್ತರಗಳನ್ನು ಮೊದಲೇ ಬರೆದಿಟ್ಟರೆ ಅಷ್ಟು ಕಡಿಮೆ ಬರುವುದೇ ಇಲ್ಲ; ಮೂರು ಉತ್ತರಗಳಲ್ಲಿ ಎರಡಾದರೂ ಒಂದೇ ಆಗಲೇಬೇಕು, ಹಾಗಾಗಿ ಮೂರಕ್ಕೊಂದಾದರೂ ಹೊಂದಿಯೇ ತೀರುತ್ತದೆ.

"ಬರ್ದಿಟ್ಟೇ ಅಷ್ಟು ಕಮ್ಮಿ ಬರಿಸಿ ತೋರಿಸ್ತೇನೆ," ಎಂದರು ಸರ್.

ಮುಂದಿನ ಶುಕ್ರವಾರ ಚೀಟಿಗಳ ಎರಡು ಕಟ್ಟು ಸಿದ್ಧವಾಗಿದ್ದವು. ಪ್ರತಿ ಚೀಟಿಯಲ್ಲೂ ಮೂರು ಪ್ರಶ್ನೆಗೆ ಹೌದು, ಅಲ್ಲ ಎಂದು ಅವರೇ ಬರೆದ ಉತ್ತರ. ಎರಡೂ ಕಟ್ಟು ಒಂದೇ ತರಹ. ಹಾಲ್‌ನಲ್ಲಿ ಸರ್, ಅಡಿಗೆಮನೆಯಲ್ಲಿ ಅಕ್ಕ. ಯಾವ ಪ್ರಶ್ನೆ ಎಂಬುದನ್ನು ನಾವು ಎರಡೂ ಕಡೆ ದಾಳ ಹಾಕಿ ಆರಿಸುತ್ತಿದ್ದೆವು. ಸರ್ ಚೀಟಿಗಳನ್ನು ಬೇರೆ ಬರೆದು, ಇಡೀ ಕಟ್ಟನ್ನು ಮೂರು ಸಲ ಆಡಿದ್ದಾಯಿತು. ಬೇರೆ ಬೇರೆ ಪ್ರಶ್ನೆ ಬಿದ್ದಾಗ ಉತ್ತರ ಎಷ್ಟು ಸಲ ಒಂದೇ ಆಯಿತೆಂದು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು ಎಣಿಸಿದವರು ಅಕ್ಕ.

"ಮೂರಕ್ಕೊಂದಕ್ಕಿಂತ ಕಮ್ಮಿ ಬರ್ಲೇ ಇಲ್ಲ," ಎಂದರು. ಆಮೇಲೆ ತಲೆಯೆತ್ತಿ, "ಎಲ್ಲ ಬರ್ದಿಟ್ಟದ್ದು ಅಂತ ಇನ್ನು ಹೇಳ್ಬೇಡಿ," ಎಂದರು.

ಕಣಗಳ ಲೆಕ್ಕಕ್ಕೂ ಗಂಡನ ಸ್ವಭಾವಕ್ಕೂ ಏನೇನೂ ಸಂಬಂಧವಿಲ್ಲ. ಅಕ್ಕ ಅದನ್ನು ತಮ್ಮ ಬದುಕಿಗೆ ಹಚ್ಚಿಕೊಂಡಿದ್ದರು, ಸರ್‌ಗೂ ಅದು ತಿಳಿಯಿತು. ಸ್ಕೇಲು ಬೀಸಿದ್ದು ಅಕ್ಕನ ಕಿವಿಯ ಮೇಲೆ.

"ಎಣಿಸಿದ್ದು ತಪ್ಪಾಯ್ತು ಅಂತ ಹೇಳು!"

"ತಪ್ಪಿಲ್ಲ."

ಮತ್ತೆ ಅದೇ ಕಿವಿಗೆ. ರಕ್ತ ಕುತ್ತಿಗೆಯಿಂದ ಹಾಳೆಯ ಮೇಲೆ ತೊಟ್ಟಿಕ್ಕಿತು. ಅಕ್ಕ ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳು. ನಾನು ಎಣಿಸಿದ್ದು ಸರಿ ಉಂಟಲ್ಲ?"

ಸರ್ ಕೂಡ ತಿರುಗಿದರು, ಸ್ಕೇಲಿನ ಸಮೇತ.

"ಗೊತ್ತಿಲ್ಲ ಅಕ್ಕ," ಎಂದೆ.

ಆಮೇಲೆ ಎಷ್ಟು ಹೊಡೆತ ಬಿದ್ದವೋ... ನಾವು ಆರೂ ಜನ ಪುಸ್ತಕಕ್ಕೆ ಮುಖ ಹಾಕಿ ಕೂತಿದ್ದೆವು.

ಅದೇ ತಿಂಗಳು ಅಕ್ಕ ಒಬ್ಬರೇ ಊರಿಗೆ ಹೋದರು. ಆ ಕಿವಿ ಮತ್ತೆ ಕೇಳಿಸಲಿಲ್ಲವಂತೆ. ಊರಿಗೆ ಹೋದಾಗಲೆಲ್ಲ ಅವರ ಮನೆಯ ದಾರಿ ಕೇಳಿಕೊಂಡಿದ್ದೇನೆ, ಯಾವ ಮುಖ ಹೊತ್ತು ಹೋಗಲಿ ಎಂದು ಹಿಂದಿರುಗಿದ್ದೇನೆ. ಹೋದ ವರ್ಷ ಅಕ್ಕ ತೀರಿಕೊಂಡರಂತೆ. ಈಗ ಅರಾದ್‌ನ ನನ್ನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ಎಣಿಸಿದ್ದು ಸರಿ ಇತ್ತು ಅಕ್ಕ. ನನಗೆ ಆಗಲೇ ಗೊತ್ತಿತ್ತು.