ದಾನವ್ವ ಬ್ರಾಂಡಿಗೆ ಹೆಪ್ಪು ಹಾಕಿದ್ದು

ಗಂಡಸಾಗಿ ಒಲೆಯ ಮುಂದೆ ನಿಂತು ಬಾಸುಂದಿ ಕಾಯಿಸುವವನು ಮುಂಬಯಿಯ ಚೆಂಬೂರಿನ ನಮ್ಮ ಕಾಲನಿಯಲ್ಲಿ ಶೆಟ್ಟೆಪ್ಪ ಒಬ್ಬನೇ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಅವನು ಬರೆದ ಕಾಗದಗಳನ್ನು ಯಾರೂ ಹೊಗಳಿದ್ದು ನನಗೆ ಗೊತ್ತಿಲ್ಲ. ಬಾಸುಂದಿಯನ್ನು ಮಾತ್ರ ಬಾಯಿ ಚಪ್ಪರಿಸದೆ ತಿಂದವರಿಲ್ಲ. ಪಕ್ಕದ ಖೋಲಿಯವನಾದ ನಾನು ಅದನ್ನು ತಿಂದು ತಿಂದೇ ಮೈ ಬಂದವನು, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಲೇಬೇಕು.

ಹಾಲಿನ ವಿದ್ಯೆ ಅವನಿಗೆ ಬಂದದ್ದು ತಾಯಿ ದಾನವ್ವನಿಂದ. ಆಕೆ ಮುಧೋಳದ ಕಡೆಯವಳು, ಗಂಡ ಮಹಾ ಕುಡುಕ. ಒಂದು ಬೆಳಗ್ಗೆ ಹೊಸ್ತಿಲಿಗೆ ಅಡ್ಡ ಬಿದ್ದಿದ್ದ ಗಂಡನನ್ನು ದಾಟಿ, ಮಗನನ್ನು ಬಗಲಿಗೇರಿಸಿಕೊಂಡು ಮುಂಬಯಿಗೆ ಬಂದವಳು ತಿರುಗಿ ಆ ಕಡೆ ಮುಖ ಹಾಕಲಿಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿದು ಮಗನನ್ನು ಮ್ಯಾಟ್ರಿಕ್ ಮಾಡಿಸಿದಳು. ಅವನಿಗೆ ನೌಕರಿ ಸಿಕ್ಕ ದಿನ ಪೇಢೆ ಹಂಚುವ ಮೊದಲು ಒಂದು ಮಾತು ಹೇಳಿದಳಂತೆ: "ಕುಡಿಯೂದು, ಆ ವಾಸನಿ, ಈ ಮನಿಯಾಗ ಬಂತಂದ್ರ ನಾ ಇರಾಂಗಿಲ್ಲ. ಒಂದು ಮನಿ ಬಿಟ್ಟಾಕಿಗೆ ಇನ್ನೊಂದು ಬಿಡೂದು ದೊಡ್ಡ ಮಾತಲ್ಲ." ದಾನವ್ವ ಆಡಿದ್ದನ್ನು ಮಾಡುವ ಹೆಂಗಸು. ನಾವೆಲ್ಲ ಅದನ್ನು ಬಲ್ಲೆವು.

ಎಪ್ಪತ್ತನೇ ಇಸವಿಯ ಬೇಸಿಗೆ. ಶೆಟ್ಟೆಪ್ಪನ ಹೆಂಡತಿ ಬಾಣಂತನಕ್ಕೆಂದು ಧಾರವಾಡಕ್ಕೆ ಹೋಗಿದ್ದಳು. ಇತ್ತ ಕಚೇರಿಯಲ್ಲಿ ಕಲ್ಕತ್ತೆಯ ಶಾಖೆಗೆ ಯಾರನ್ನಾದರೂ ಕಳಿಸಬೇಕೆಂಬ ಮಾತು ಎದ್ದಿತ್ತು. ಕಳಿಸುವ ಅಧಿಕಾರ ಫ್ರಾಮ್‌ರೋಜ್ ಸಾಹೇಬರದು. ಈ ಪಾರ್ಸಿ ಸಾಹೇಬರು ದೊಡ್ಡ ಶರೀರದವರು, ಒಳ್ಳೆಯ ಮನಸ್ಸಿನವರು, ಅವರಿಗೊಂದೇ ದುಃಖ. ಹಿಂದೆ ವಿಲಾಯತಿಯಿಂದ ಹಡಗಿನಲ್ಲಿ ಬರುವಾಗ ಪ್ರತಿದಿನ ಊಟವಾದ ಮೇಲೆ ಬ್ರಾಂಡಿ, ಕೆನೆ, ಚಾಕಲೇಟು ಕೂಡಿಸಿ ಮೇಲೆ ಜಾಜಿಕಾಯಿ ತೇಯ್ದ ಒಂದು ಪಾನೀಯ ಕೊಡುತ್ತಿದ್ದರಂತೆ. ಅದರ ನೆನಪಿನಲ್ಲೇ ಅವರು ಮುದುಕರಾಗುತ್ತಿದ್ದರು. ಪಾನನಿರೋಧದ ಕಾಲವಾದರೂ ಬ್ರಾಂಡಿಗೆ ಅವರ ಬಳಿ ಪರ್ಮಿಟ್ ಇತ್ತು. ಆದರೆ ಡಾಕ್ಟರು ಕೆನೆ ಮುಟ್ಟಬಾರದೆಂದು ಹೇಳಿದ್ದರು, ಹೆಂಡತಿ ಅದನ್ನು ವೇದವಾಕ್ಯವೆಂದು ಹಿಡಿದಿದ್ದರು. ಆರೋಗ್ಯಕ್ಕೆ ಬ್ರಾಂಡಿ ಬೇಕೆಂದು ಸರ್ಕಾರ ಬರೆದುಕೊಟ್ಟಿತ್ತು, ಆರೋಗ್ಯಕ್ಕೆ ಹಾಲಿನ ಕೆನೆ ಅಪಾಯವೆಂದು ವೈದ್ಯಶಾಸ್ತ್ರ ಹೇಳಿತ್ತು. ಇಂಥ ದೇಶದಲ್ಲಿ ಮನುಷ್ಯ ಏನು ಕುಡಿಯಬೇಕು ಹೇಳಿ!

ಒಮ್ಮೆ ಶೆಟ್ಟೆಪ್ಪನ ಡಬ್ಬಿಯ ಬಾಸುಂದಿ ತಿಂದದ್ದೇ ಸಾಹೇಬರಿಗೆ ದಾರಿ ಕಂಡಿತು. ಹಾಲನ್ನು ಹೀಗೆ ಪಳಗಿಸಬಲ್ಲವನು ಆ ಪಾನೀಯವನ್ನೂ ಮಾಡಬಲ್ಲ ಎಂದು ತೀರ್ಮಾನಿಸಿ, ಪೇಪರಿನಲ್ಲಿ ಸುತ್ತಿದ ಬಾಟಲಿಯೊಂದನ್ನು ಅವನ ಚೀಲಕ್ಕೆ ತಾವೇ ತುರುಕಿದರು. "ಸಂಡೇ ಕೋ ತೇರೇ ಘರ್ ಖಾನಾ ಖಾಯೇಗಾ. ಕಲ್ಕತ್ತಾ ಕಾ ಬಾತ್ ಬಾದ್ ಮೇ" ಎಂದರಂತೆ. ಭಾನುವಾರ ಊಟ ಅವನ ಮನೆಯಲ್ಲಿ, ಕಲ್ಕತ್ತೆಯ ಮಾತು ಆಮೇಲೆ.

ಪಾಪ, ಶೆಟ್ಟೆಪ್ಪನಿಗೆ ಅತ್ತ ದರಿ ಇತ್ತ ಪುಲಿ. ಒಲ್ಲೆ ಎಂದರೆ ಕಲ್ಕತ್ತೆ, ಅಲ್ಲಿಗೆ ದಾನವ್ವ ಬರುವವಳಲ್ಲ. "ಮೀನಾ ತಿನ್ನೂ ಊರಿಗೆ ನಾ ಒಲ್ಲೆ" ಎಂದು ಆಗಲೇ ಹೇಳಿಬಿಟ್ಟಿದ್ದಳು. ನಮ್ಮ ಕಾಲನಿಯ ಹಿಂದೆಯೇ ಬೊಂಬಿಲ್ ಮೀನು ಒಣಗುತ್ತಿದ್ದದ್ದು ಆಕೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೂಂ ಎಂದರೆ ಆ ವಾಸನೆ ಮನೆಗೆ ಬಂದಂತೆ. ಹೇಗೆ ತಿರುಗಿದರೂ ಅವನು ತಾಯಿಯನ್ನು ಕಳೆದುಕೊಳ್ಳುವವನೇ. ಲೋಕಲ್ಲಿನಲ್ಲಿ ನನ್ನ ಪಕ್ಕ ನಿಂತು ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

"ಆಕಿಗೆ ಗೊತ್ತಾಗದಂಗ ಮಾಡೂಣು" ಎಂದೆ. ಬುದ್ಧಿ ಕೊಟ್ಟವನು ನಾನೇ.

ಭಾನುವಾರ ಬೆಳಗ್ಗೆ ದಾನವ್ವ ಪ್ರವಚನಕ್ಕೆಂದು ಘಾಟ್ಕೋಪರಿಗೆ ಹೋದಳು. ಬಸ್ಸು ಮರೆಯಾಗುವುದಕ್ಕೇ ಕಾದಿದ್ದು ನಾವು ಕೆಲಸಕ್ಕೆ ಕೂತೆವು. ಶೆಟ್ಟೆಪ್ಪ ಹಾಲು ಬತ್ತಿಸಿ, ಆರಿಸಿ, ಕೂಡಿಟ್ಟ ಕೆನೆ ಕಡೆದು ಸೇರಿಸಿದ. ಚಾಕಲೇಟು ಪುಡಿಯನ್ನು ಗಂಟಾಗದಂತೆ ಕಲಸಿದ. ಬಾಟಲಿಯ ಬಿರಡೆ ತೆಗೆಯುವಾಗ ಮಾತ್ರ ಮುಖ ಆಚೆ ತಿರುಗಿಸಿ ಉಸಿರು ಹಿಡಿದ. ಬ್ರಾಂಡಿ ಸುರಿದದ್ದಾಯಿತು, ರುಚಿ ನೋಡುವವರು ಯಾರು? ತಾಯಿಗೆ ಕೊಟ್ಟ ಮಾತಿದೆ, ಅವನು ನಾಲಿಗೆಗೆ ತಾಗಿಸುವಂತಿಲ್ಲ. ನೆರೆಹೊರೆಯವರು ಇರುವುದೇ ಇಂಥ ಕಷ್ಟಕ್ಕೆ.

"ಹೆಂಗೈತಿ?"

"ಒಂಚೂರು ಬ್ರಾಂಡಿ ಕಡಿಮಿ ಆತು."

ಸುರಿದ. ಮತ್ತೆ ನೋಡಿದೆ. ಈಗ ಸಕ್ಕರೆ ಕಡಿಮೆ ಅನ್ನಿಸಿತು. ಸಕ್ಕರೆ ಹಾಕಿದ ಮೇಲೆ ಬ್ರಾಂಡಿ ಮತ್ತೆ ಕಡಿಮೆಯಾಗಿತ್ತು. ಸೌಟು ನನ್ನ ಕೈಯಲ್ಲೇ ಉಳಿಯಿತು. ಕೊನೆಗೆ ನಾನು ಅವನನ್ನು ತಬ್ಬಿಕೊಂಡು, ನಿನ್ನಂಥ ಗೆಳೆಯ ಇಡೀ ಮುಂಬಯಿಯಲ್ಲಿ ಇಲ್ಲ ಎನ್ನತೊಡಗಿದಾಗ, ರುಚಿ ಸರಿಹೋಯಿತೆಂದು ತಿಳಿದು ಸೌಟು ಕಸಿದುಕೊಂಡ. ಪಾತ್ರೆಯನ್ನು ಮುಚ್ಚಿ ಜಾಳಿಗೆ ಕಪಾಟಿನಲ್ಲಿಟ್ಟು ಊದಿನಕಡ್ಡಿಯ ಇಡೀ ಕಟ್ಟನ್ನು ಹಚ್ಚಿದ. ಮನೆಯಲ್ಲಿ ಎಂಥದೋ ದೊಡ್ಡ ದೇವರು ಪ್ರತ್ಯಕ್ಷನಾದ ಹಾಗಿತ್ತು. ಮರಳಿ ಬಂದ ತಾಯಿಗೆ, "ಸಾಹೇಬರಿಗೆ ಬಾಸುಂದಿ ಮಾಡೀನವ್ವಾ, ಮುಟ್ಟಬ್ಯಾಡ" ಎಂದ. ಅಡಿಗೆಮನೆಯಲ್ಲಿ ಹಾಲು ಮುಟ್ಟಬೇಡವೆಂದು ತಾಯಿಗೇ ಹೇಳುವ ಮಗನಿಗೆ ಬುದ್ಧಿ ಎಷ್ಟಿರಬೇಕು?

ನಾನು ಮನೆಗೆ ಹೋಗಿ ಮಲಗಿಬಿಟ್ಟೆ. ಸಂಜೆ ಶೆಟ್ಟೆಪ್ಪ ಬಂದು ಅಲುಗಾಡಿಸಿ ಎಬ್ಬಿಸಿದ. ಐಸ್ ತರಲು ಮಧ್ಯಾಹ್ನವೇ ಹೊರಗೆ ಹೋಗಿದ್ದವನು ಆಗಷ್ಟೇ ಬಂದಿದ್ದ. ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ. ಪಾತ್ರೆ ತೊಳೆಯುವ ಮೋರಿಯ ನಲ್ಲಿಗೆ ಬಿಳಿ ಬಟ್ಟೆಯ ಗಂಟೊಂದು ತೂಗುತ್ತಿತ್ತು. ದಾನವ್ವ ಹಿಟ್ಟು ನಾದುತ್ತ ಕೂತಿದ್ದಳು.

"ನಿನ್ನ ಬಾಸುಂದಿ ನೀರನೀರ ಆಗಿತ್ತಪಾ. ಹೆಪ್ಪು ಹಾಕಿ, ಮ್ಯಾಲ ಅರ್ಧ ಲಿಂಬಿಹಣ್ಣು ಹಿಂಡಿದೆ. ಚಂದಾಗಿ ಗಟ್ಟಿ ಆಗೇತಿ. ಶ್ರೀಖಂಡ ಮಾಡ್ತೀನಿ."

ಮಧ್ಯಾಹ್ನ ಮೀರಿದರೆ ಆ ಮನೆಯಲ್ಲಿ ಯಾವ ಹಾಲಿಗೂ ಹೆಪ್ಪು ತಪ್ಪುತ್ತಿರಲಿಲ್ಲ. ಬ್ರಾಂಡಿ ಹೆಪ್ಪುಗಟ್ಟುತ್ತದೋ ಬರೀ ಒಡೆಯುತ್ತದೋ ನನಗೆ ತಿಳಿಯದು. ಗಂಟಿನಲ್ಲಿ ಗಟ್ಟಿಯಾಗಿ ಏನೋ ಇದ್ದದ್ದಂತೂ ನಿಜ.

"ಬಸಿದ ನೀರು ಎಲ್ಲಿ ಹೋತವ್ವಾ?" ಶೆಟ್ಟೆಪ್ಪ ಪಿಸುಗುಟ್ಟಿದ.

"ಪೂರಿ ಹಿಟ್ಟಿಗೆ ಹಾಕೀನಿ. ಹಾಲಿನ ನೀರು ಚೆಲ್ಲತಾರೇನು ಯಾರರ?"

ಶೆಟ್ಟೆಪ್ಪ ತಂದಿದ್ದ ಐಸನ್ನು ಮೋರಿಗೆ ಸುರಿದ.

ಸಾಹೇಬರು ಬಂದರು. ಅವರನ್ನು ಮಣೆಯ ಮೇಲೆ ಕೂರಿಸಲು ನಾವಿಬ್ಬರೂ ಹಿಡಿದುಕೊಳ್ಳಬೇಕಾಯಿತು. ಪೂರಿ ಬಾಯಿಗಿಟ್ಟು, ಈ ಹಿಟ್ಟಿಗೆ ಏನು ಹಾಕಿದ್ದೀರಿ, ಬಹಳ ಚೆನ್ನಾಗಿದೆ ಎಂದರು. ಊಟ ಮುಗಿಯುತ್ತ ಬಂದಂತೆ ಅವರ ಕಣ್ಣು ಗ್ಲಾಸಿಗಾಗಿ ಹುಡುಕಾಡತೊಡಗಿತು. ಬಂದದ್ದು ಬಟ್ಟಲು ಮತ್ತು ಚಮಚ. ಕಂದು ಬಣ್ಣದ ಶ್ರೀಖಂಡದ ಮೇಲೆ ದಾನವ್ವ ತನ್ನ ಕೈಯಾರೆ ತೇಯ್ದ ಜಾಜಿಕಾಯಿ. ಸಾಹೇಬರ ಮುಖ ಇಳಿದುಹೋಯಿತು. ಒಂದು ಚಮಚ ತಿಂದರು. ಚಮಚ ಕೆಳಗಿಟ್ಟರು. ಶೆಟ್ಟೆಪ್ಪ ಕಣ್ಣು ಮುಚ್ಚಿಕೊಂಡ, ಕಲ್ಕತ್ತೆಗೆ ಹೋಗುವ ಗಾಡಿ ಹತ್ತಿದವನಂತೆ.

ಸಾಹೇಬರು ಬಟ್ಟಲು ಬರಿದು ಮಾಡಿ, ಬೆರಳಿನಿಂದ ಅಂಚು ಒರೆಸಿ ನೆಕ್ಕಿ, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ಕುಡಿಯುವುದಕ್ಕೆ ಪರ್ಮಿಟ್ ಬೇಕು, ತಿನ್ನುವುದಕ್ಕೆ ಬೇಕೆಂದು ಯಾವ ಕಾನೂನಿನಲ್ಲಿದೆ? ಕೆನೆ ಬೇಡವೆಂದ ಡಾಕ್ಟರು ಶ್ರೀಖಂಡ ಬೇಡವೆಂದು ಎಲ್ಲಿ ಹೇಳಿದ್ದಾರೆ? ಹೀಗೆ ವಾದಿಸುತ್ತ ಇನ್ನೊಂದು ಬಟ್ಟಲು ಮುಗಿಸಿದರು. ಇಂಥ ಮನುಷ್ಯನನ್ನು ಕಲ್ಕತ್ತೆಗೆ ಕಳಿಸುವ ಮೂರ್ಖ ತಾನಲ್ಲವೆಂದು ಸಾರಿ, ದಾನವ್ವನಿಗೆ ಕೈಮುಗಿದು, ಗೋಡೆ ಹಿಡಿದುಕೊಂಡು ಟ್ಯಾಕ್ಸಿ ಹತ್ತಿದರು.

ಗೆದ್ದೆವೆಂದು ನಾನು ಶೆಟ್ಟೆಪ್ಪನ ಬೆನ್ನು ತಟ್ಟಿದೆ. ದಾನವ್ವ ಬಟ್ಟಲು ತೊಳೆಯುತ್ತ ಇತ್ತ ನೋಡದೆಯೇ ಕೇಳಿದಳು: "ಇನ್ನ ಬಾಟ್ಲಿ ಎಲ್ಲಿ ಇಟ್ಟೀದಿ? ತಗೊಂಡು ಬಾ, ಚೆಲ್ತೀನಿ."

ಶೆಟ್ಟೆಪ್ಪ ತಟ್ಟನೆ ಅತ್ತ ತಿರುಗಿದ. "ಅವ್ವಾ, ನಿನಗ ಗೊತ್ತಿತ್ತಾ?"

"ಎಷ್ಟ ವರ್ಸ ಆ ಮನಶ್ಯಾಗ ಬಾಗಲಾ ತಗದೀನಿ. ಊದಿನಕಡ್ಡಿ ಹಚ್ಚಿದ್ರ ಮರೀತೀನೇನು ಆ ವಾಸನಿ? ಮೂಗು ಸತ್ತಿಲ್ಲ ನಂದು."

"ಮತ್ತ... ಹೋಗಲಿಲ್ಲ ನೀ?"

ದಾನವ್ವ ಕೈ ಒರೆಸಿಕೊಂಡು ಮಂಚದ ಕೆಳಗಿಂದ ಒಂದು ಗಂಟು ಎಳೆದಳು. ಎರಡು ಸೀರೆ, ವಿಭೂತಿ ಗಟ್ಟಿ, ಕಟ್ಟಿಕೊಂಡ ರೊಟ್ಟಿ ಬಟ್ಟೆಯ ಸಂದಿನಿಂದ ಇಣುಕುತ್ತಿದ್ದವು.

"ಹೊಂಟಿದ್ದೆ. ಹೋಗೂ ಮುಂದ ಪಾತ್ರಿ ಮುಚ್ಚಳಾ ತಗದು ನೋಡಿದೆ. ನಿಮ್ಮಪ್ಪ ಎಂದೂ ನನ್ನ ಮುಂದ ಮುಚ್ಚಿಟ್ಟಾವಲ್ಲ. ನನ್ನ ಕೈಲೇನs ತರಸಾಂವ. ನೀ ಕೆನಿಯಾಗ, ಸಕ್ರಿಯಾಗ, ಇಷ್ಟೆಲ್ಲಾದ್ರಾಗ ಮುಚ್ಚಿಟ್ಟಿದ್ದಿ. ಅವ್ವ ಹೋಗಬಾರದಂತ ಇಷ್ಟ ಒದ್ದಾಡೂ ಮಗನ್ನ ಬಿಟ್ಟು ಎಲ್ಲಿ ಹೋಗ್ಲಿ? ಕುಡಿಯೂದಕ್ಕ ನಾ ಇರಾಂಗಿಲ್ಲ ಅಂದಿದ್ದೆ. ಅದಕ್ಕs ತಿನ್ನೂದು ಮಾಡಿದೆ."

ಶೆಟ್ಟೆಪ್ಪ ಗೋಡೆಗೆ ಒರಗಿ ಮಗುವಿನಂತೆ ಅತ್ತ. ದಾನವ್ವ ಗಂಟನ್ನು ಅವನ ತೊಡೆಯ ಮೇಲೆ ಹಾಕಿದಳು.

"ಸಿಟ್ಟಿನಾಗ ಭಾಳ ಬಿಗದು ಕಟ್ಟೀನಿ. ಬಿಚ್ಚು."

ಗಂಟು ಬಿಚ್ಚಲೊಲ್ಲದು. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆಯತೊಡಗಿದ.